ಮೊಣಕೈ ನೋವು ಬಂತು ಅಂತ ಟೆನಿಸ್ ಬಿಡಬೇಕಾ?

ಪ್ರಶ್ನೆ: ನನಗೆ 56 ವರ್ಷ. ಮೂಡಿಗೆರೆ ಹತ್ತಿರ ಕಾಫಿ ತೋಟ ಇದೆ. ಕಾಲೇಜಿನ ದಿನಗಳಿಂದ ಟೆನಿಸ್ ಆಡುತ್ತಿದ್ದೇನೆ. ಈಗಲೂ ವಾರಕ್ಕೆ ಎರಡು ಸಂಜೆ ಕ್ಲಬ್‌ನಲ್ಲಿ ಆಡುತ್ತೇನೆ. ಕಳೆದ ಏಪ್ರಿಲ್ ರಜೆಯಲ್ಲಿ ನಮ್ಮ ಕಾಫಿ ಕಣದಲ್ಲೇ ನೆಟ್ ಕಟ್ಟಿ, ಸುತ್ತಮುತ್ತಲಿನ ಎಂಟು ಮಕ್ಕಳಿಗೆ ಹೇಳಿಕೊಡಲು ಶುರು ಮಾಡಿದೆ. ಎಲ್ಲರೂ 8ರಿಂದ 12 ವರ್ಷದವರು. ವಾರಕ್ಕೆ ನಾಲ್ಕು ದಿನ, ದಿನಕ್ಕೆ 200ಕ್ಕೂ ಜಾಸ್ತಿ ಬಾಲ್ ನಾನೇ ರಾಕೆಟ್‌ನಿಂದ ಹೊಡೆದು ಕೊಡುತ್ತೇನೆ. ಬಾಲ್‌ಗಳು ಕ್ಲಬ್‌ನಿಂದ ತಂದ ಹಳೆಯವು. ಅದೇ ಸಮಯಕ್ಕೆ ಮಗ ಒಂದು ಹಗುರವಾದ ಹೊಸ ರಾಕೆಟ್ ತಂದುಕೊಟ್ಟ. ಪಾಲಿಯೆಸ್ಟರ್ ಗಟ್ಟಿಂಗ್ (ರಾಕೆಟ್‌ನ ತಂತಿ), ಬಿಗಿತ 58 ಪೌಂಡ್. ಜೂನ್ ಕೊನೆಯಿಂದ ಬಲ ಮೊಣಕೈಯ ಹೊರಭಾಗ ನೋಯುತ್ತಿದೆ. ಈಗ ಕಾಫಿ ಲೋಟ ಎತ್ತಿದರೂ ನೋವು. ಒಬ್ಬರು ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂತಾರೆ, ಇನ್ನೊಬ್ಬರು ಆರು ತಿಂಗಳು ಕೈ ಅಲ್ಲಾಡಿಸಬೇಡಿ ಅಂತಾರೆ. ಮನೆಯವರು ಈ ವಯಸ್ಸಿಗೆ ಆಟ ಸಾಕು ಅಂತಾರೆ. ನಾನು ಆಟ ನಿಲ್ಲಿಸಬೇಕಾ? ಮಕ್ಕಳ ಕ್ಲಾಸ್ ನಿಲ್ಲಿಸಬೇಕಾ? ಅಷ್ಟಕ್ಕೂ ಕೋಚ್ ಅಲ್ಲದ ನಾನು ಮಕ್ಕಳಿಗೆ ಹೇಳಿಕೊಡುವುದು ಸರಿಯಾ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ಅವುಗಳ ಹಿಂದಿರುವ ಚಿಂತೆ ಒಂದೇ. ಇಷ್ಟು ವರ್ಷ ಜೊತೆಗಿದ್ದ ಆಟ ಇಲ್ಲಿಗೆ ಮುಗಿಯಿತಾ ಅಂತ. ನೀವು ಬರೆದಿರುವುದನ್ನು ನೋಡಿದರೆ, ಮುಗಿದಿಲ್ಲ ಅಂತಲೇ ನನಗೆ ಅನಿಸುತ್ತದೆ.

ನಾನು ಡಾಕ್ಟರ್ ಅಲ್ಲ. ಹಾಸನದಲ್ಲಿ ಟೆನಿಸ್ ಹೇಳಿಕೊಡುವವನು. ಚಿಕ್ಕಂದಿನಿಂದ ಆಡಿದವನು, ಈಗಲೂ ಆಡುವವನು. ಈ ನೋವು ಇಟ್ಟುಕೊಂಡು ಕೋರ್ಟಿಗೆ ಬರುವವರನ್ನು ವರ್ಷಗಟ್ಟಲೆ ನೋಡಿದ್ದೇನೆ. ಅವರಿಗೆಲ್ಲ ಮೊದಲು ಕೇಳುವುದು ಒಂದೇ: ನೋವು ಬರುವ ಮುಂಚಿನ ಎರಡು ಮೂರು ತಿಂಗಳಲ್ಲಿ ಏನು ಬದಲಾಯಿತು? ನಿಮ್ಮ ವಿಷಯದಲ್ಲಿ ನಾಲ್ಕು ಬದಲಾಗಿವೆ. ಮಕ್ಕಳಿಗೆ ಫೀಡಿಂಗ್ (ಬಾಲ್ ಹೊಡೆದು ಕೊಡುವುದು) ಶುರುವಾಯಿತು, ಹಳೇ ಬಾಲ್ ಬಂತು, ಹೊಸ ರಾಕೆಟ್ ಬಂತು, ಆಮೇಲೆ ಮಳೆ ಬಂತು. ವಯಸ್ಸು ಆ ಪಟ್ಟಿಯಲ್ಲಿ ಇಲ್ಲ. ಮಾರ್ಚ್‌ನಲ್ಲಿ ಇದೇ ವಯಸ್ಸಿನಲ್ಲಿ ನೀವು ಆರಾಮಾಗಿ ಆಡುತ್ತಿದ್ದಿರಿ, ಅಲ್ವಾ?

ಇದು ಟೆನಿಸ್ ಎಲ್ಬೋ ಅನ್ನುವ ಮೊಣಕೈ ನೋವೇ ಹೌದಾ ಅಂತ ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಕುರ್ಚಿಯ ಹಿಂದೆ ನಿಂತುಕೊಳ್ಳಿ. ಮೊಣಕೈ ನೇರ ಮಾಡಿ, ಅಂಗೈ ಕೆಳಮುಖ ಇಟ್ಟು, ಕುರ್ಚಿಯ ಬೆನ್ನು ಹಿಡಿದು ಎತ್ತಿ. ಮೊಣಕೈಯ ಹೊರಗಡೆ ಮೂಳೆ ಉಬ್ಬಿದ ಜಾಗದಲ್ಲಿ ಚುಳ್ ಅಂದರೆ ಬಹುಪಾಲು ಅದೇ. ಆದರೆ ಬೆರಳು ಜೋಮು ಹಿಡಿಯುವುದು, ಕುತ್ತಿಗೆಯಿಂದ ನೋವು ಇಳಿದು ಬರುವುದು, ಮೊಣಕೈ ಪೂರ್ತಿ ನೇರ ಆಗದಿರುವುದು, ಊತ, ರಾತ್ರಿ ನಿದ್ದೆಗೆಡಿಸುವ ನೋವು, ಇವುಗಳಲ್ಲಿ ಯಾವುದಾದರೂ ಇದ್ದರೆ ಮುಂದೆ ಓದುವುದಕ್ಕಿಂತ ಮೊದಲು ಮೂಳೆ ಡಾಕ್ಟರನ್ನು ಕಾಣಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ.

ಟೆನಿಸ್ ಎಲ್ಬೋ ಅಂತ ಹೆಸರಿದೆ, ನಿಜ. ಆದರೆ ಈ ನೋವು ಬರುವವರಲ್ಲಿ ಹೆಚ್ಚಿನವರು ರಾಕೆಟ್ ಮುಟ್ಟಿದವರೇ ಅಲ್ಲ. ಕಾಫಿ ಗಿಡದ ರೆಂಬೆ ಸವರುವ ಕತ್ತರಿ ಹಿಡಿಯುವವರು, ದಿನಾ ಹಾಲು ಕರೆಯುವವರು, ಸ್ಪ್ಯಾನರ್ ತಿರುಗಿಸುವ ಮೆಕ್ಯಾನಿಕ್‌ಗಳು, ಬಟ್ಟೆ ಹಿಂಡುವವರು. ಸಾಮಾನ್ಯವಾಗಿ 35ರಿಂದ 55ರ ಆಸುಪಾಸಿನಲ್ಲಿ ಬರುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತಿ ಹಿಡಿಯುವ ಸ್ನಾಯುಗಳು ಮೊಣಕೈಯ ಆ ಮೂಳೆಗೆ ಟೆಂಡನ್ ಅನ್ನುವ ಒಂದು ಗಟ್ಟಿ ಹುರಿಯಿಂದ ಅಂಟಿಕೊಂಡಿವೆ. ನಾವು ಏನನ್ನೇ ಬಿಗಿಯಾಗಿ ಹಿಡಿದರೂ ಮಣಿಕಟ್ಟು ಬಾಗದಂತೆ ತಡೆಯುವುದು ಅವೇ ಸ್ನಾಯುಗಳು. ಅದಕ್ಕೇ ನಿಮಗೆ ಸರ್ವ್ ಮಾಡುವಾಗ ನೋಯುವಷ್ಟೇ ಲೋಟ ಎತ್ತುವಾಗಲೂ ನೋಯುತ್ತದೆ. ಟೆಂಡನ್‌ಗೆ ರಕ್ತ ಕಡಿಮೆ ಹರಿಯುತ್ತದೆ, ಅದು ನಿಧಾನಕ್ಕೆ ರಿಪೇರಿ ಆಗುತ್ತದೆ. ದಿನದ ಸವೆತ ದಿನದ ರಿಪೇರಿಗಿಂತ ಜಾಸ್ತಿಯಾದಾಗ ಈ ನೋವು ಶುರು.

ಈಗ ನಿಮ್ಮ ಲೆಕ್ಕ ನೋಡಿ. ದಿನಕ್ಕೆ 200, ವಾರಕ್ಕೆ ನಾಲ್ಕು ದಿನ. ವಾರಕ್ಕೆ 800 ಹೊಡೆತ. ಮಾರ್ಚ್‌ನಲ್ಲಿ ಇದು ಸೊನ್ನೆ. ಒಂದೊಂದು ಹೊಡೆತ ಹಗುರವೇ, ಒಪ್ಪುತ್ತೇನೆ. ಆದರೆ ಫೀಡ್ ಮಾಡುವಾಗ ಯಾರೂ ಭುಜ ತಿರುಗಿಸುವುದಿಲ್ಲ, ಕಾಲು ಸರಿಸುವುದಿಲ್ಲ. ನಿಂತಲ್ಲೇ ನಿಂತು, ಎಡಗೈಯಿಂದ ಬಾಲ್ ಬಿಟ್ಟು, ಬರೀ ಮಣಿಕಟ್ಟಿನಿಂದ ತಟ್ಟುತ್ತಾರೆ. ಮುಂದಿನ ಬಾಲ್‌ಗೆ ಬಗ್ಗುವಾಗಲೂ ರಾಕೆಟ್ ಹಿಡಿತ ಸಡಿಲ ಆಗುವುದಿಲ್ಲ. ಇಡೀ ಕೆಲಸ ಆ ಒಂದು ಟೆಂಡನ್ ಮೇಲೆ. ಕೋಚ್‌ಗಳ ಮೊಣಕೈ ಹಾಳಾಗುವುದು ಮ್ಯಾಚ್‌ಗಳಲ್ಲಿ ಕಡಿಮೆ, ಫೀಡ್ ಮಾಡಲು ಬಾಲ್ ತುಂಬಿಟ್ಟ ಬಾಸ್ಕೆಟ್ ಪಕ್ಕದಲ್ಲೇ ಜಾಸ್ತಿ.

ಬಾಲ್ ವಿಷಯ ಬಹಳ ಜನ ಗಮನಿಸುವುದಿಲ್ಲ. ಡಬ್ಬಿ ತೆಗೆದ ಮೇಲೆ ಬಾಲ್ ಒಳಗಿನ ಗಾಳಿಯ ಒತ್ತಡ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ಸತ್ತ ಬಾಲ್ ಪುಟಿಯುವುದಿಲ್ಲ, ಅದನ್ನು ದೂರ ಕಳಿಸಲು ಕೈಯೇ ಜಾಸ್ತಿ ಬಲ ಹಾಕಬೇಕು. ಅದಕ್ಕೆ ಮೂಡಿಗೆರೆ ಮಳೆ ಸೇರಿಸಿ. ಒಂದು ಒಣ ಬಾಲ್, ಒದ್ದೆ ಕಣದ ಮೇಲೆ ಹತ್ತು ಸಲ ಉರುಳಿದ ಒಂದು ಬಾಲ್, ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟು ತೂಗಿ ನೋಡಿ. ಉಣ್ಣೆ ನೀರು ಕುಡಿದು ಬಾಲ್ ಎಷ್ಟು ಭಾರ ಆಗಿದೆ ಅಂತ ಕೈಗೇ ಗೊತ್ತಾಗುತ್ತದೆ. ಜೂನ್ ಕೊನೆಯಲ್ಲಿ ನೋವು ಬಂದಿದ್ದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಒದ್ದೆ ಬಾಲ್‌ನಿಂದ ಆಡಬೇಡಿ, ಇದಕ್ಕೆ ರಿಯಾಯಿತಿ ಇಲ್ಲ.

ಇನ್ನು ಮಗ ತಂದ ರಾಕೆಟ್. ಪ್ರೀತಿಯಿಂದ ತಂದಿದ್ದು, ಬಿಸಾಡಬೇಡಿ. ಗಟ್ಟಿಂಗ್ ಮಾತ್ರ ಇವತ್ತೇ ಕತ್ತರಿಸಿ. ಬಾಲ್ ತಂತಿಯ ಮೇಲೆ ಇರುವುದು ಸೆಕೆಂಡಿನ ಸುಮಾರು 200ರಲ್ಲಿ ಒಂದು ಭಾಗ. ಅಷ್ಟರಲ್ಲಿ ಬರುವ ಪೆಟ್ಟನ್ನು ಸ್ವಲ್ಪ ತಂತಿ ನುಂಗಬೇಕು, ಸ್ವಲ್ಪ ರಾಕೆಟ್‌ನ ತೂಕ ನುಂಗಬೇಕು, ಉಳಿದದ್ದು ಕೈಗೆ. ಪಾಲಿಯೆಸ್ಟರ್ ಬಿಗುವಾದ ತಂತಿ. ವೇಗವಾಗಿ ಸ್ವಿಂಗ್ ಮಾಡಿ ಸ್ಪಿನ್ ಹಾಕುವ ಹುಡುಗರಿಗೆ ಅದು ಸರಿ. ನಮ್ಮ ವಯಸ್ಸಿನ ಸ್ವಿಂಗ್‌ಗೆ ಅದು ಕೊಡುವುದು ಬರೀ ಪೆಟ್ಟು. ಅದರ ಜೊತೆ ರಾಕೆಟ್ಟೂ ಹಗುರ ಅಂದರೆ ಪೆಟ್ಟು ತಡೆಯಲು ತೂಕವೇ ಇಲ್ಲ. ಹಗುರ ಇದ್ದರೆ ಕೈಗೆ ಒಳ್ಳೆಯದು ಅನ್ನುವುದು ನಾನು ಅತಿ ಹೆಚ್ಚು ಕೇಳುವ ತಪ್ಪು ನಂಬಿಕೆ. ಮಲ್ಟಿಫಿಲಮೆಂಟ್ ಅಂತ ಮೆತ್ತನೆಯ ಗಟ್ಟಿಂಗ್ ಬರುತ್ತದೆ, ಅದನ್ನು 50ರಿಂದ 52 ಪೌಂಡ್‌ಗೆ ಹಾಕಿಸಿ. ನಮ್ಮ ಕಡೆ ಬಿಗಿಯಾಗಿ ಕಟ್ಟಿಸುವ ಅಭ್ಯಾಸಕ್ಕೆ ಒಂದು ಕಾರಣವೂ ಇದೆ. ನಾವಿರುವುದು ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸು ಮೇಲೆ, ಬಾಲ್ ಮಂಗಳೂರಿನಲ್ಲಿ ಹೋಗುವುದಕ್ಕಿಂತ ಒಂಚೂರು ಉದ್ದ ಹೋಗುತ್ತದೆ. ಕಂಟ್ರೋಲ್ ಬೇಕು ಅಂತ ಬಿಗಿ ಮಾಡಿಸುತ್ತಾರೆ. ಬೇಕಿಲ್ಲ. ಎತ್ತರದ ಊರಿಗೆ ಅಂತ ಬೇರೆ ಬಾಲ್ ಬಳಸುವ ನಿಯಮ ಶುರುವಾಗುವುದೇ 1,219 ಮೀಟರ್ ಮೇಲೆ. ಸ್ವಿಂಗ್ ಒಂಚೂರು ಚಿಕ್ಕದು ಮಾಡಿ, ಸಾಕು.

ಗ್ರಿಪ್ ಕೂಡ ಒಮ್ಮೆ ನೋಡಿಕೊಳ್ಳಿ. ರಾಕೆಟ್ ಹಿಡಿದಾಗ ಬೆರಳ ತುದಿಗೂ ಅಂಗೈ ಬುಡಕ್ಕೂ ನಡುವೆ ಇನ್ನೊಂದು ಕೈಯ ತೋರುಬೆರಳು ಸರಿಯಾಗಿ ಕೂರಬೇಕು. ಕೂರದಿದ್ದರೆ ಗ್ರಿಪ್ ಸಣ್ಣದು, ಕೈ ಗೊತ್ತಿಲ್ಲದೆ ಬಿಗಿ ಹಿಡಿಯುತ್ತದೆ. ಹಿಡಿಯ ಮೇಲೆ ಒಂದು ಓವರ್‌ಗ್ರಿಪ್ ಪಟ್ಟಿ ಸುತ್ತಿದರೆ ಸರಿಹೋಗುತ್ತದೆ.

ಇಂಜೆಕ್ಷನ್ ಬಗ್ಗೆ ಕೇಳಿದ್ದೀರಿ. ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ ಮೊದಲ ಕೆಲವು ವಾರ ತುಂಬಾ ಆರಾಮ ಅನಿಸುತ್ತದೆ. ಅಪಾಯ ಇರುವುದು ಅಲ್ಲೇ. ನೋವಿಲ್ಲ ಅಂತ ಜನ ಮರುದಿನವೇ ಮ್ಯಾಚ್ ಆಡುತ್ತಾರೆ. ಒಂದು ವರ್ಷದ ಲೆಕ್ಕ ತೆಗೆದುಕೊಂಡಾಗ, ಇಂಜೆಕ್ಷನ್ ಹಾಕಿಸಿಕೊಂಡವರಲ್ಲಿ ನೋವು ಮತ್ತೆ ಬರುವುದೇ ಜಾಸ್ತಿ ಅಂತ ಒಂದಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಕಂಡಿದೆ. ನನ್ನ ಕೋರ್ಟಿನಲ್ಲೂ ಅದನ್ನೇ ನೋಡಿದ್ದೇನೆ. ಹಾಕಿಸಲೇಬೇಕಾದ ಪರಿಸ್ಥಿತಿ ಇದ್ದರೆ ಡಾಕ್ಟರ್ ಹೇಳುತ್ತಾರೆ, ಆಗ ಮುಂದಿನ ವಾರಗಳಲ್ಲಿ ಕೈಗೆ ಎಷ್ಟು ಕೆಲಸ ಕೊಡಬಹುದು ಅಂತಲೂ ಕೇಳಿಕೊಳ್ಳಿ. ಮೊದಲ ದಾರಿಯಾಗಿ ಅದನ್ನು ಹಿಡಿಯಬೇಡಿ.

ಆರು ತಿಂಗಳು ಕೈ ಅಲ್ಲಾಡಿಸಬೇಡಿ ಅನ್ನುವುದೂ ತಪ್ಪೇ. ಕೆಲಸ ಇಲ್ಲದ ಟೆಂಡನ್ ಇನ್ನಷ್ಟು ಸೊರಗುತ್ತದೆ. ಆರು ತಿಂಗಳ ನಂತರ ಬಂದು ಹದಿನೈದೇ ನಿಮಿಷ ಆಡಿದರೂ ನೋವು ಅಲ್ಲೇ ಕಾದಿರುತ್ತದೆ. ಬೇಕಾಗಿರುವುದು ಅಳತೆ ಇಟ್ಟ ಕೆಲಸ. ಮೇಜಿನ ಮೇಲೆ ಮುಂಗೈ ಇಡಿ, ಅಂಗೈ ಕೆಳಮುಖ, ಹಸ್ತ ಮೇಜಿನ ಅಂಚಿನಿಂದ ಹೊರಗೆ. ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಹಿಡಿಯಿರಿ. ಎಡಗೈ ಸಹಾಯದಿಂದ ಹಸ್ತವನ್ನು ಮೇಲಕ್ಕೆ ಎತ್ತಿ, ಎಡಗೈ ಬಿಟ್ಟು, ಐದು ಎಣಿಸುತ್ತಾ ನಿಧಾನಕ್ಕೆ ಇಳಿಸಿ. ಇಳಿಸುವುದೇ ವ್ಯಾಯಾಮ. ಹದಿನೈದು ಸಲ, ಮಧ್ಯೆ ಬಿಡುವು ಕೊಟ್ಟು ಮೂರು ಸುತ್ತು, ದಿನಾ. ಮಾಡುವಾಗ ಸ್ವಲ್ಪ ನೋವು ಇರಲಿ, ಪರವಾಗಿಲ್ಲ. ಮರುದಿನ ಬೆಳಿಗ್ಗೆ ಲೋಟ ಎತ್ತುವಾಗ ಹಿಂದಿನ ದಿನಕ್ಕಿಂತ ಜಾಸ್ತಿ ನೋವಿದ್ದರೆ ಭಾರ ಇಳಿಸಿ. ಸಾಧ್ಯವಾದರೆ ಮೊದಲ ಸಲ ಒಬ್ಬ ಫಿಸಿಯೋ ಎದುರು ಮಾಡಿ, ಭುಜದ ಹಿಂಭಾಗಕ್ಕೂ ಒಂದೆರಡು ಹೇಳಿಸಿಕೊಳ್ಳಿ. ಆರರಿಂದ ಎಂಟು ವಾರಕ್ಕೆ ವ್ಯತ್ಯಾಸ ಗೊತ್ತಾಗಬೇಕು. ಪೂರ್ತಿ ಹೋಗಲು ಕೆಲವರಿಗೆ ವರ್ಷವೇ ಹಿಡಿಯುತ್ತದೆ, ಆದರೆ ಆಪರೇಷನ್ ತನಕ ಹೋಗುವವರು ತೀರಾ ಕಡಿಮೆ. ಮೊಣಕೈ ಪಟ್ಟಿ ಕೊಂಡರೆ ನೋವಿರುವ ಜಾಗದ ಮೇಲೆ ಕಟ್ಟಬೇಡಿ, ಅಲ್ಲಿಂದ ಎರಡು ಬೆರಳು ಕೆಳಗೆ, ಕೆಲಸ ಮಾಡುವಾಗ ಮಾತ್ರ ಕಟ್ಟಿ.

ಕ್ಲಬ್ ಆಟ ಒಂದು ತಿಂಗಳು ನಿಲ್ಲಿಸಿ. ಆಮೇಲೆ ನೆಟ್ ಪಕ್ಕದ ಸರ್ವಿಸ್ ಬಾಕ್ಸ್ ಒಳಗೇ ನಿಂತು ಮೆತ್ತಗೆ ರ‍್ಯಾಲಿ ಮಾಡಿ. ಫೋರ್‌ಹ್ಯಾಂಡ್ ಮೊದಲು, ಬ್ಯಾಕ್‌ಹ್ಯಾಂಡ್ ಆಮೇಲೆ, ಸರ್ವ್ ಕೊನೆಗೆ. ಮೊಣಕೈ ಮುಂದೆ ತಳ್ಳಿ, ಬಾಲ್ ತಡವಾಗಿ ಸಿಕ್ಕಿ, ಮಣಿಕಟ್ಟು ಮಡಚಿ ಹೊಡೆಯುವ ಒಂಟಿ ಕೈ ಬ್ಯಾಕ್‌ಹ್ಯಾಂಡ್ ಈ ನೋವಿನ ಹಳೇ ಗೆಳೆಯ. ನಿಮ್ಮದು ಒಂಟಿ ಕೈ ಆಗಿದ್ದರೆ ಎರಡು ದಾರಿ ಇವೆ. ಭುಜ ಮೊದಲೇ ತಿರುಗಿಸಿ, ಬಾಲ್ ಅಡಿಯಿಂದ ಕೊಯ್ದಂತೆ ಹೊಡೆಯುವ ಸ್ಲೈಸ್ ಆಡುವುದು ಸುಲಭದ್ದು. ಎರಡು ಕೈ ಕಲಿಯುವುದು ಕೈಗೆ ಇನ್ನೂ ಒಳ್ಳೆಯದು, ಆದರೆ ಕೆಲವು ತಿಂಗಳು ಗೆಲ್ಲುವ ಆಸೆ ಬಿಡಬೇಕು. ಸಿಂಗಲ್ಸ್ ಕಡಿಮೆ ಮಾಡಿ ಡಬಲ್ಸ್ ಆಡಿ. ಅದು ಕೆಳಗಿಳಿದಂತೆ ಅಂತ ಅಂದುಕೊಳ್ಳಬೇಡಿ. ಪಕ್ಕದ ಕೊಡಗಿನ ರೋಹನ್ ಬೋಪಣ್ಣ, ಅವರದೂ ಕಾಫಿ ಬೆಳೆಯುವ ಮನೆತನ, 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ವಿಶ್ವದ ನಂಬರ್ ಒನ್ ಆದರು. ಮಂಡಿಯ ಮೃದ್ವಸ್ಥಿ ಸವೆದುಹೋಗಿದೆ ಅಂತ ಅವರೇ ಹೇಳಿಕೊಂಡಿದ್ದರು. ಅಯ್ಯಂಗಾರ್ ಯೋಗದಿಂದ ಕಾಲು ಬಲ ಮಾಡಿಕೊಂಡು ಆಡಿದರು. ನಾವು ಬೋಪಣ್ಣ ಅಲ್ಲ, ಆದರೆ ದೇಹ ಬದಲಾದಾಗ ಆಟವನ್ನೂ ಬದಲಾಯಿಸಿಕೊಂಡರು ಅನ್ನುವುದು ನಮಗೂ ಆಗುವ ಪಾಠ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ಮಾಸ್ಟರ್ಸ್ ಟೂರ್‌ನಲ್ಲಿ 30ರಿಂದ ಶುರುವಾಗಿ 90 ದಾಟಿದವರಿಗೂ ವಿಭಾಗ ಇದೆ.

ಟೆನಿಸ್ ಆಡಿದರೆ ಒಂಬತ್ತೂಮುಕ್ಕಾಲು ವರ್ಷ ಆಯಸ್ಸು ಜಾಸ್ತಿ ಅನ್ನುವ ಮಾತು ಮೊಬೈಲಿನಲ್ಲಿ ಹರಿದಾಡುತ್ತಿರುತ್ತದೆ. ಅದರ ಮೂಲ ಕೋಪನ್‌ಹೇಗನ್‌ನ ಒಂದು ಅಧ್ಯಯನ, 2018ರಲ್ಲಿ ಪ್ರಕಟವಾಯಿತು. ಕೂತೇ ಇರುವವರಿಗೆ ಹೋಲಿಸಿದರೆ ಟೆನಿಸ್ ಆಡುವವರು 9.7 ವರ್ಷ ಜಾಸ್ತಿ ಬದುಕಿದ್ದು ಅಲ್ಲಿ ಕಂಡಿದೆ. ಆದರೆ ಟೆನಿಸ್ ಆಡುವವರಲ್ಲಿ ಅನುಕೂಲಸ್ಥರು, ಮೊದಲೇ ಗಟ್ಟಿಮುಟ್ಟಾಗಿ ಇರುವವರು ಜಾಸ್ತಿ. ಎಲ್ಲ ಆಟದಿಂದಲೇ ಬಂತು ಅಂತ ಹೇಳಲು ಆಗುವುದಿಲ್ಲ. ನಾನು ಇಷ್ಟು ಮಾತ್ರ ಹೇಳುತ್ತೇನೆ: ಓಟ, ಬಗ್ಗುವುದು, ಕಣ್ಣು ಕೈ ಒಟ್ಟಿಗೆ ಓಡುವುದು, ಜೊತೆಗೆ ನಾಲ್ಕು ಜನರ ಮಾತು, ಇಷ್ಟೆಲ್ಲ ಒಂದೇ ಗಂಟೆಯಲ್ಲಿ ಕೊಡುವ ಆಟವನ್ನು ಒಂದು ಟೆಂಡನ್ ಕಾರಣಕ್ಕೆ ಬಿಡಬಾರದು.

ಈಗ ಮಕ್ಕಳು. ನನಗೆ ತುಂಬಾ ಖುಷಿ ಕೊಟ್ಟಿದ್ದು ನಿಮ್ಮ ಕಣ. ಮೂಡಿಗೆರೆ ಕಡೆಯ ಮಕ್ಕಳಿಗೆ ಕೋರ್ಟ್ ಅಂದರೆ ಒಂದೋ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತಬೇಕು, ಇಲ್ಲ ಕ್ಲಬ್ ಮೆಂಬರ್ ಮಕ್ಕಳಾಗಿರಬೇಕು. ನೀವು ಅದನ್ನು ಮನೆ ಬಾಗಿಲಿಗೆ ತಂದಿದ್ದೀರಿ. ಕ್ಲಾಸ್ ನಿಲ್ಲಿಸಬೇಡಿ. ಹೇಳಿಕೊಡುವ ರೀತಿ ಬದಲಾಯಿಸಿ, ನಿಮ್ಮ ಕೈಗೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು.

ಮೊದಲು ಮಾಮೂಲಿ ಹಳದಿ ಬಾಲ್ ಎತ್ತಿಡಿ. ಎಂಟು ವರ್ಷದ ಮಗುವಿಗೆ ಅದು ತಲೆಯ ಹತ್ತಿರ ಪುಟಿಯುತ್ತದೆ. ಅಷ್ಟೆತ್ತರದಲ್ಲಿ ಹೊಡೆಯಲು ಮಗು ರಾಕೆಟ್ ಹಿಡಿತ ತಿರುಚುತ್ತದೆ, ಆ ಹಿಡಿತ ಆಮೇಲೆ ಬಿಡಿಸುವುದು ಬಹಳ ಕಷ್ಟ. ಎಳೇ ಮೊಣಕೈಗೂ ಪೆಟ್ಟು. ಇದಕ್ಕಾಗಿಯೇ ಕೆಂಪು, ಕಿತ್ತಳೆ, ಹಸಿರು ಬಾಲ್‌ಗಳು ಬಂದಿವೆ. ಕೆಂಪು ಬಾಲ್ ಹಳದಿಗಿಂತ ಸುಮಾರು 75 ಶೇಕಡ ನಿಧಾನ, ಕಿತ್ತಳೆ 50, ಹಸಿರು 25. 2012ರಿಂದ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರ ಸ್ಪರ್ಧೆಗಳಲ್ಲಿ ಹಳದಿ ಬಾಲ್ ಬಳಸುವಂತಿಲ್ಲ ಅಂತ ನಿಯಮವೇ ಆಗಿದೆ. ಕೆಂಪು ಬಾಲ್‌ಗೆ ಬೇಕಾದ ಕೋರ್ಟ್ ಉದ್ದ 36 ಅಡಿ ಮಾತ್ರ. ನಿಮ್ಮ ಕಣದಲ್ಲಿ ಅಂಥ ಎರಡು ಕೋರ್ಟ್ ಅಕ್ಕಪಕ್ಕ ಬರೆಯಬಹುದು ಅಂತ ನನ್ನ ಅಂದಾಜು. ನೆಟ್ ನಡುವಿನಲ್ಲಿ 80 ಸೆಂಟಿಮೀಟರ್, ಒಂದು ಹಗ್ಗ ಕಟ್ಟಿ ಬಟ್ಟೆ ಇಳಿಬಿಟ್ಟರೂ ನಡೆಯುತ್ತದೆ. ಹನ್ನೊಂದು ಹನ್ನೆರಡರವರೂ ಈಗ ತಾನೇ ಕಲಿಯುತ್ತಿದ್ದರೆ ಕೆಂಪಿನಿಂದಲೇ ಶುರು ಮಾಡಲಿ, ಅವರು ಬೇಗ ಮುಂದೆ ಹೋಗುತ್ತಾರೆ.

ಆಮೇಲೆ ಬಾಸ್ಕೆಟ್ ಬಿಡಿ. ಬಾಲ್ ಕೊಡಬೇಕಾದಾಗ ರಾಕೆಟ್ ಕೆಳಗಿಟ್ಟು ಎಡಗೈಯಿಂದ ಎಸೆಯಿರಿ. ಉಳಿದ ಹೊತ್ತು ಮಕ್ಕಳೇ ಒಬ್ಬರಿಗೊಬ್ಬರು ಎಸೆದು ಕೊಡಲಿ, ಜೋಡಿಯಾಗಿ ರ‍್ಯಾಲಿ ಮಾಡಲಿ. ಬಾಸ್ಕೆಟ್‌ನಿಂದ ಬರುವ ಬಾಲ್ ಪ್ರತಿ ಸಲವೂ ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಬರುತ್ತದೆ. ಅದನ್ನು ಚೆಂದ ಹೊಡೆಯುವ ಮಗು ಮ್ಯಾಚ್‌ನಲ್ಲಿ ಎದುರಿನಿಂದ ಬೇರೆ ಥರ ಬಂದರೆ ನಿಂತು ನೋಡುತ್ತದೆ. ಬಾಲ್ ಎಲ್ಲಿಗೆ ಬರುತ್ತದೆ ಅಂತ ಅಂದಾಜು ಮಾಡಿ ಕಾಲು ಸರಿಸುವುದೇ ಟೆನಿಸ್‌ನ ಮುಕ್ಕಾಲು ಪಾಲು. ಅದನ್ನು ಮಗು ಇನ್ನೊಂದು ಮಗುವಿನಿಂದ ಬರುವ ಅಂಕುಡೊಂಕು ಬಾಲ್‌ನಿಂದಲೇ ಕಲಿಯಬೇಕು. ಶೈಲಿ ತಿದ್ದುವ ಆತುರ ಬೇಡ. ಇಬ್ಬರು ಮಕ್ಕಳು ಸತತ ಇಪ್ಪತ್ತು ಸಲ ಬಾಲ್ ದಾಟಿಸಿದರಾ ಅಂತ ಕೇಳಿ, ನಿಮ್ಮ ಪಾಠ ಹೇಗೆ ನಡೆಯುತ್ತಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಹೇಳಿಕೊಡುವ ಯೋಗ್ಯತೆ ಇದೆಯಾ ಅಂತ ಕೇಳಿದ್ದೀರಿ. ನಮ್ಮ ಕಡೆಯ ಹಳೇ ಪ್ಲಾಂಟರ್‌ಗಳ ಕ್ಲಬ್‌ಗಳಲ್ಲಿ ಮಾರ್ಕರ್‌ಗಳು ಇರುತ್ತಿದ್ದರು, ನಿಮಗೂ ನೆನಪಿರಬಹುದು. ಬಾಲ್ ಬಾಯ್ ಆಗಿ ಸೇರಿ, ನೋಡಿ ನೋಡಿ ಆಟ ಕಲಿತವರು. ಸರ್ಟಿಫಿಕೇಟ್ ಇಲ್ಲ, ಕಪ್ ಇಲ್ಲ. ಆದರೆ ಎದುರು ನಿಂತವರು ಎಂಥವರೇ ಆಗಿರಲಿ, ಅವರಿಗೆ ಹೊಡೆಯಲು ಆಗುವ ಜಾಗಕ್ಕೇ ಬಾಲ್ ಇಡುತ್ತಿದ್ದರು. ಸ್ವಲ್ಪ ಕೈ ಕುದುರಿದ ಮೇಲೆ ಒಂದು ಗೇಣು ದೂರ ಇಡುತ್ತಿದ್ದರು. ಹೇಳಿಕೊಡುವುದು ಅಂದರೆ ನನ್ನ ಪ್ರಕಾರ ಇಷ್ಟೇ, ಅವರಿಗಿಂತ ದೊಡ್ಡ ಆಟಗಾರರಲ್ಲಿ ಎಷ್ಟೋ ಜನಕ್ಕೆ ಇದು ಬರುವುದಿಲ್ಲ. ನಿಮಗೆ ಆ ತಾಳ್ಮೆ ಇದ್ದರೆ ಯೋಗ್ಯತೆ ಇದೆ. ಜೊತೆಗೆ ಅಖಿಲ ಭಾರತ ಟೆನಿಸ್ ಸಂಸ್ಥೆ ನಡೆಸುವ ಪ್ಲೇ ಟೆನಿಸ್ ಕೋರ್ಸ್ ಮಾಡಿಬಿಡಿ. ಹೊಸದಾಗಿ ಕಲಿಯುವ ಮಕ್ಕಳಿಗೆ ಹೇಗೆ ಹೇಳಿಕೊಡಬೇಕು ಅನ್ನುವುದಕ್ಕೇ ಇರುವ ಕೋರ್ಸ್ ಅದು. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯಲ್ಲಿ ವಿಚಾರಿಸಿದರೆ ಮುಂದಿನದು ಯಾವಾಗ ಅಂತ ಹೇಳುತ್ತಾರೆ.

ಒಂದು ಎಚ್ಚರಿಕೆ ಇದೆ. ಬೇರೆಯವರ ಮಕ್ಕಳು ನಿಮ್ಮ ತೋಟಕ್ಕೆ ಬರುತ್ತಾರೆ. ಕ್ಲಾಸ್ ನಡೆಯುವಾಗ ಮಕ್ಕಳ ಮನೆಯ ದೊಡ್ಡವರೊಬ್ಬರು ಅಲ್ಲಿ ಇರುವಂತೆ ಸರದಿ ಮಾಡಿ. ಮಳೆಗಾಲದಲ್ಲಿ ಸಿಮೆಂಟ್ ಕಣ ಪಾಚಿ ಕಟ್ಟುತ್ತದೆ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ಒಣಗದೆ ಮಕ್ಕಳನ್ನು ಇಳಿಸಬೇಡಿ.

ಕೊನೆಗೆ ಮನೆಯವರ ಮಾತು. ಮೊಣಕೈ ವಿಷಯದಲ್ಲಿ ನಾನು ನಿಮ್ಮ ಕಡೆ. ಆದರೆ ಅವರ ಆತಂಕದಲ್ಲಿ ಒಂದು ಸರಿಯಾದ ಮಾತು ಇದೆ, ಅದು ಬರೀ ಕೈ ಬಗ್ಗೆ ಅಲ್ಲ. ನಮ್ಮ ವಯಸ್ಸಿನಲ್ಲಿ ಟೆನಿಸ್ ನಿಲ್ಲಿಸಬೇಕಾದ ಸೂಚನೆಗಳು ಬೇರೆ ಇವೆ. ಆಡುವಾಗ ಎದೆ ಹಿಡಿದಂತೆ ಆಗುವುದು, ಎಡಗೈ ಅಥವಾ ದವಡೆಗೆ ನೋವು ಹರಿಯುವುದು, ಮೊದಲು ಬರದಿದ್ದ ಏದುಸಿರು, ತಲೆಸುತ್ತು. ಇವುಗಳಲ್ಲಿ ಒಂದು ಬಂದರೂ ಆ ಪಾಯಿಂಟ್ ಪೂರ್ತಿ ಆಡದೆ ಕೂತುಬಿಡಿ, ಅಲ್ಲಿಂದ ನೇರ ಆಸ್ಪತ್ರೆಗೆ. ಏನೂ ಇಲ್ಲದಿದ್ದರೂ ಒಂದು ತಿಂಗಳ ಬಿಡುವಿನ ನಂತರ ಮತ್ತೆ ಕೋರ್ಟಿಗೆ ಇಳಿಯುವ ಮೊದಲು ಬಿಪಿ, ಶುಗರ್, ಇಸಿಜಿ ನೋಡಿಸಿ, ಟ್ರೆಡ್‌ಮಿಲ್ ಟೆಸ್ಟ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಹೇಳುವುದನ್ನು ಇಬ್ಬರೂ ಒಟ್ಟಿಗೆ ಕೇಳಿಸಿಕೊಳ್ಳಿ.